ಸುಗ್ಗಿ ಬಿಟ್ಟುಹೋದ ಕರಾರು

ಮೇಲಿನ ಮಾಳಿಗೆಯ ಬಾಡಿಗೆ ಕರಾರನ್ನು ಉಚ್ಚಿಲ ಪೇಟೆಯಲ್ಲಿ ಟೈಪು ಮಾಡಿಸಿ ತಂದ ಸಂಜೆ ಜಗಲಿಯಲ್ಲಿ ಕುಳಿತು ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ ಎಂಬತ್ತನಾಲ್ಕು. ಕಣ್ಣು ಮಂಜಾಗಿದೆ, ಕಿವಿ ಚುರುಕು. ಮಡಲಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ತೆಗೆಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ‘ಒಂದನೇ ಪಾರ್ಟಿ’, ‘ಎರಡನೇ ಪಾರ್ಟಿ’ ಎಂದು ನಾಲ್ಕಾರು ಸಲ ಬಂದ ಮೇಲೆ ಕತ್ತಿ ಕೆಳಗಿಟ್ಟರು. “ಅಕುಲು ನಮ್ಮ ಒಕ್ಕೆಲಾ?” ಎಂದು ಕೇಳಿದರು. ಅವರು ನಮ್ಮ ಒಕ್ಕಲಾ, ಎಂದು.

ಹೌದು ಎನ್ನಲು ನಾಲಗೆ ಹೊರಳಲಿಲ್ಲ. ಅಲ್ಲ ಎಂದರೂ ಸುಳ್ಳಾಗುತ್ತಿತ್ತು. ಬರುವವರು ಹಾವೇರಿ ಕಡೆಯ ಗಂಡ ಹೆಂಡತಿ. ಅವನಿಗೆ ಎಲ್ಲೂರಿನಲ್ಲಿ ಕೆಲಸ, ಅವಳು ಉಡುಪಿಯ ಆಸ್ಪತ್ರೆಯೊಂದರಲ್ಲಿ ನರ್ಸು. ತಿಂಗಳಿಗೆ ಇಷ್ಟು ಎಂದು ಹಣ ಕೊಟ್ಟು ನಮ್ಮ ಮನೆಯ ಮೇಲೆ ವಾಸ ಮಾಡುವವರು. ಒಕ್ಕಲು ಅಲ್ಲದೆ ಇನ್ನೇನು? ಆದರೆ ಆ ಮಾತು ನಮ್ಮ ಮನೆಯಲ್ಲಿ ಅಷ್ಟು ಹಗುರದ್ದಲ್ಲ.

ಒಕ್ಕಲು ಎಂದರೆ ವಾಸ. ಒಕ್ಕಲು ಎಂದರೆ ಒಂದು ಸಂಸಾರ. ಇನ್ನೊಬ್ಬರ ಭೂಮಿಯಲ್ಲಿ ಕೂತು ಗೇಯುವವನೂ ಒಕ್ಕಲು. ನಮ್ಮ ಕರಾವಳಿಯಲ್ಲಿ ಹೊಸ ಮನೆ ಕಟ್ಟಿ ಹಾಲುಕ್ಕಿಸಿ ಒಳಗೆ ಹೋಗುವ ಶುಭಕ್ಕೂ ಮನೆ ಒಕ್ಕಲು ಎಂದೇ ಹೆಸರು, ತುಳುವಿನಲ್ಲಿ ಇಲ್ಲೊಕ್ಕೆಲ್. ಮನೆಯಿಂದ ಹೊರಗೆ ಹಾಕುವುದಕ್ಕೂ ಅದರಿಂದಲೇ ಮಾತು ಹುಟ್ಟಿದೆ: ಒಕ್ಕಲೆಬ್ಬಿಸುವುದು. ಹಾಲುಕ್ಕಿಸುವ ಮುಹೂರ್ತವೂ, ಪಾತ್ರೆಪಗಡೆ ಅಂಗಳಕ್ಕೆ ಬೀಳುವ ಗಳಿಗೆಯೂ ಒಂದೇ ಪದದ ಹೊಟ್ಟೆಯಲ್ಲಿವೆ. ಅಮ್ಮ ಎರಡನ್ನೂ ಕಂಡವರು.

ಅವರು ಮದುವೆಯಾಗಿ ಈ ಮನೆಗೆ ಬಂದಾಗ ಇದು ನಮ್ಮದಲ್ಲ. ಅಜ್ಜ ಚಾಲಗೇಣಿಯವರು. ಗೇಣಿ ಎಂದರೆ ಭೂಮಿಗೆ ಕೊಡುವ ಬಾಡಿಗೆ, ಮುಡಿ ಕಟ್ಟಿದ ಅಕ್ಕಿಯಲ್ಲಿ. ಅದರಲ್ಲಿ ಎರಡು ಬಗೆ. ಮೂಲಗೇಣಿಯವನಿಗೆ ಗೇಣಿ ಏರುವುದಿಲ್ಲ, ಹಕ್ಕು ಮಕ್ಕಳಿಗೆ ಇಳಿಯುತ್ತದೆ, ಧನಿಗಳು ಏಳು ಎಂದ ಮಾತ್ರಕ್ಕೆ ಏಳಬೇಕಾಗಿಲ್ಲ. ಚಾಲಗೇಣಿಯವನಿಗೆ ಇದೊಂದೂ ಇಲ್ಲ. ಧನಿಗಳ ಮನಸ್ಸು ಇರುವ ತನಕ ಅವನ ವಾಸ. ಬಿಸು ಹಬ್ಬಕ್ಕೆ ಅಜ್ಜ ಸೌತೆಕಾಯಿ, ಕುಂಬಳಕಾಯಿ ಹೊತ್ತು ಧನಿಗಳ ಅಂಗಳದಲ್ಲಿ ನಿಂತರೆ ಮುಂದಿನ ಒಂದು ವರ್ಷ ಮನೆಯಲ್ಲಿ ನಿದ್ದೆ ಬರುತ್ತಿತ್ತು ಎಂದು ಅಮ್ಮ ಹೇಳುತ್ತಾರೆ. ಆ ಕಾಲದಲ್ಲಿ ಕಾಗದವಿರಲಿಲ್ಲ, ಮಾತೇ ಕರಾರು.

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯ. ಅಪ್ಪ ಉಡುಪಿಯಲ್ಲಿ ದಸ್ತಾವೇಜು ಬರೆಯುತ್ತಿದ್ದರು. ಆ ವರ್ಷಗಳಲ್ಲಿ ಅವರು ಬರೆದದ್ದು ಹೆಚ್ಚಾಗಿ ಏಳನೇ ನಮೂನೆಯ ಅರ್ಜಿಗಳನ್ನು. ಊರಿನವರು ಅದಕ್ಕೆ ‘ಡಿಕ್ಲರೇಶನ್’ ಎನ್ನುತ್ತಿದ್ದರು. “ಡಿಕ್ಲರೇಶನ್ ಕೊಟ್ಟಾಯ್ತಾ?” ಎಂದು ಬಸ್ಸಿನಲ್ಲಿ, ದಕ್ಕೆಯಲ್ಲಿ, ಮದುವೆ ಚಪ್ಪರದಲ್ಲಿ ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ. ಅಜ್ಜನದ್ದನ್ನೂ ಅಪ್ಪನೇ ಬರೆದರು. ಭೂನ್ಯಾಯ ಮಂಡಳಿಯ ಮುಂದೆ ಅಜ್ಜ ಹೆಬ್ಬೆಟ್ಟು ಒತ್ತಿದರು. ಪಹಣಿಯಲ್ಲಿ ಹೆಸರು ಬಂದ ದಿನ ಅಮ್ಮ ಪಾಯಸ ಮಾಡಿದ್ದರು.

ಆದ್ದರಿಂದ ಅಮ್ಮನ ಪ್ರಶ್ನೆಗೆ ಆ ಸಂಜೆ ನಾನು ಕೊಟ್ಟ ಉತ್ತರ ಇಷ್ಟೇ: “ಅವರು ಬಾಡಿಗೆಯವರು ಅಮ್ಮ.” ಅಮ್ಮ ಮತ್ತೆ ಕತ್ತಿ ಎತ್ತಿಕೊಂಡರು. “ಓದು, ಮುಂದೆ ಎಂತ ಉಂಟು?”

ಮುಂದೆ ಅವಧಿ ಇತ್ತು. ಹನ್ನೊಂದು ತಿಂಗಳು.

“ಹನ್ನೊಂದಾ? ಹನ್ನೆರಡನೆಯದು ಎಲ್ಲಿ ಹೋಯಿತು ಮಾರಾಯ?” ಎಂದು ತುಳು ತಿಂಗಳುಗಳನ್ನು ಎಣಿಸುತ್ತಾ ಬೆರಳು ಮಡಚತೊಡಗಿದರು. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ… ಬಾಡಿಗೆಯವರು ಬರುವುದು ಪಗ್ಗುವಿನ ಮೊದಲ ದಿನ, ಬಿಸುವಿಗೆ. ಪಗ್ಗುವಿನಿಂದ ಎಣಿಸಿದರೆ ಹನ್ನೊಂದನೆಯದು ಮಾಯಿ. “ಸುಗ್ಗಿ ಬಿಟ್ಟುಹೋಯಿತಲ್ಲ!” ಅಮ್ಮನ ದನಿಯಲ್ಲಿ ನಿಜವಾದ ಕಳವಳವಿತ್ತು. ಸುಗ್ಗಿಯೇ ಇಲ್ಲದ ವರ್ಷಕ್ಕೆ ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ?

ಈ ಹನ್ನೊಂದು ತಿಂಗಳ ಬುಡ 1908ರ ನೋಂದಣಿ ಕಾಯ್ದೆಯಲ್ಲಿದೆ. ಒಂದು ವರ್ಷ ಮೀರಿದ ಅವಧಿಗೆ, ಇಲ್ಲವೇ ವರ್ಷದಿಂದ ವರ್ಷಕ್ಕೆ ಎಂದು ಮನೆ ಕೊಟ್ಟರೆ ಆ ಪತ್ರ ನೋಂದಣಿಯಾಗಲೇಬೇಕು. ಕಚೇರಿಗೆ ಹೋಗಬೇಕು, ಶುಲ್ಕ ಕಟ್ಟಬೇಕು. ಹನ್ನೊಂದು ತಿಂಗಳಾದರೆ ಆ ಕಡ್ಡಾಯವಿಲ್ಲ. ಹಾಗಾಗಿ ದೇಶದ ಉದ್ದಗಲಕ್ಕೂ ಬಾಡಿಗೆಯ ವರ್ಷಕ್ಕೆ ಹನ್ನೊಂದೇ ತಿಂಗಳು. ನೋಂದಣಿಯಾಗದ ಪತ್ರ ಜಗಳ ಬಂದಾಗ ಬಡಕಲು ಸಾಕ್ಷಿ ಎಂದು ಅಪ್ಪ ಹೇಳುತ್ತಿದ್ದರು. ಒಂದು ತಿಂಗಳು ಉಳಿಸಿದವನು ಎಷ್ಟು ಬಲವನ್ನು ಬಿಟ್ಟುಕೊಟ್ಟ ಎಂಬ ಲೆಕ್ಕ ಯಾರೂ ಹಾಕುವುದಿಲ್ಲ. ಅವಧಿ ಮುಗಿದ ಮೇಲೂ ಬಾಡಿಗೆಯವನು ಹಣ ಕೊಡುತ್ತಾ, ಯಜಮಾನ ತೆಗೆದುಕೊಳ್ಳುತ್ತಾ ಹೋದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ತಿಳಿಯುತ್ತದೆ. ಬೇರೆ ಮಾತು ಆಗಿಲ್ಲದಿದ್ದರೆ ಬಿಡಿಸಲು ಹದಿನೈದು ದಿನದ ನೋಟಿಸು ಸಾಕು. ಹದಿನೈದು ದಿನದಲ್ಲಿ ಒಂದು ಸಂಸಾರ ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ನಮ್ಮ ಕರಾರಿನಲ್ಲಿ ಎರಡೂ ಕಡೆಗೆ ಎರಡು ತಿಂಗಳ ನೋಟಿಸು ಎಂದು ಬರೆಸಿದ್ದೇನೆ.

ಮುಂಗಡಕ್ಕೆ ಬಂದಾಗ ನನಗೆ ಬೆಂಗಳೂರು ನೆನಪಾಯಿತು. ಅಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದವನು ನಾನು. ಹತ್ತು ತಿಂಗಳ ಬಾಡಿಗೆಯನ್ನು ‘ಅಡ್ವಾನ್ಸ್’ ಎಂದು ಇಡುವುದು ಅಲ್ಲಿನ ರೂಢಿ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಹಿಡಿಯಬಾರದು ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಶಾಸನ ಮಾಡಿದರಷ್ಟೇ ಕೈಗೆ ಬರುವ ಹಕ್ಕು. ನಾನು ಎರಡೇ ತಿಂಗಳದ್ದು ತೆಗೆದುಕೊಂಡೆ. ಹತ್ತು ತಿಂಗಳದ್ದನ್ನು ಹೊಂದಿಸಲು ನನ್ನ ಹೆಂಡತಿಯ ಬಳೆ ಎರಡು ಸಲ ಅಡವಿಗೆ ಹೋಗಿದೆ.

ಬೆಂಗಳೂರಿನಲ್ಲಿ ‘ಲೀಸ್‌ಗೆ ಮನೆ’ ಎಂಬ ಬೋರ್ಡು ನೋಡಿ ಮೊದಲ ವರ್ಷ ನಾನು ಗಲಿಬಿಲಿಗೊಂಡಿದ್ದೆ. ಕಾನೂನಿನಲ್ಲಿ ಬಾಡಿಗೆ ಎಲ್ಲವೂ ಲೀಸೇ. ಅಲ್ಲಿನ ಮಾತಿನಲ್ಲಿ ಮಾತ್ರ ಲೀಸ್ ಎಂದರೆ ಭೋಗ್ಯ: ಒಂದೇ ಗಂಟಾಗಿ ಕೆಲವು ಲಕ್ಷ ಕೊಡುವುದು, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಗಂಟು ಹಿಂದಕ್ಕೆ. ನಿಮ್ಮ ಹಣದ ಬಡ್ಡಿಯನ್ನು ಅವರು ಉಣ್ಣುತ್ತಾರೆ, ಅವರ ಮನೆಯನ್ನು ನೀವು ಉಣ್ಣುತ್ತೀರಿ; ಭೋಗ ಎಂಬುದು ಸರಿಯಾಗಿಯೇ ಇದೆ. ಆದರೆ ಅದು ನಿಜದಲ್ಲಿ ಸ್ವಾಧೀನ ಅಡವು, ಬಾಡಿಗೆಯಲ್ಲ. ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದು ಅದು ಹರಾಜಿಗೆ ಬಂದರೆ, ನೋಂದಣಿ ಮಾಡಿಸದ ಭೋಗ್ಯದವನ ಗಂಟು ಎಲ್ಲರಿಗಿಂತ ಹಿಂದೆ ನಿಲ್ಲುತ್ತದೆ. ಹಣ ಕೊಡುವ ಮೊದಲು ಋಣಭಾರ ಪತ್ರ, ಅಂದರೆ ಎಲ್ಲರೂ ಹೇಳುವ ‘ಇಸಿ’ ತೆಗೆಸಿ ನೋಡಿ. ಇದನ್ನು ಪರಿಚಯದವರಿಗೆಲ್ಲ ಹೇಳುತ್ತೇನೆ. ಪಕ್ಕದ ಮನೆಯ ಒಂದು ಸಂಸಾರ ಮಗಳ ಮದುವೆಯ ಹಣವನ್ನು ಹೀಗೆ ಕಳೆದುಕೊಂಡದ್ದನ್ನು ನೋಡಿದ್ದೇನೆ.

ಇಷ್ಟು ಹೊತ್ತಿಗೆ ಕತ್ತಲಾಗಿತ್ತು. ಹೆದ್ದಾರಿಯ ಲಾರಿಗಳ ಸದ್ದು ಇಳಿದಾಗ ಪಡುವಣದಿಂದ ಕಡಲು ಕೇಳಿಸುತ್ತದೆ. ಕಡಲು ಬರಿಯ ಸದ್ದು ಕಳಿಸುವುದಿಲ್ಲ, ಉಪ್ಪನ್ನೂ ಕಳಿಸುತ್ತದೆ. ಉಚ್ಚಿಲದಲ್ಲಿ ಕಿಟಕಿಯ ಕಬ್ಬಿಣದ ಸರಳು ಮೂರು ವರ್ಷಕ್ಕೆ ಹೊಪ್ಪಳೆ ಏಳುತ್ತದೆ. ಬಾಗಿಲ ಬಿಜಾಗರಿ ಕಿರುಗುಟ್ಟುತ್ತದೆ. ಆಟಿ ತಿಂಗಳಲ್ಲಿ ಬಿಳಿ ಗೋಡೆಗೆ ಬುಡದಿಂದ ಹಸಿರು ಪಾಚಿ ಹತ್ತುತ್ತದೆ. ಬೀರುವಿನ ಒಳಗಿನ ಸೀರೆ ಬೂಸ್ಟು ಹಿಡಿಯುತ್ತದೆ. ಈ ಊರಿನಲ್ಲಿ ಮನೆಯನ್ನು ‘ಕೊಟ್ಟ ಹಾಗೆಯೇ ಹಿಂದಿರುಗಿಸಬೇಕು’ ಎಂದು ಕರಾರಿನಲ್ಲಿ ಬರೆಯುವುದು ನ್ಯಾಯವಲ್ಲ. ಟೈಪು ಮಾಡುವ ಹುಡುಗ ಅವನಲ್ಲಿದ್ದ ನಮೂನೆಯಿಂದ ‘ಯಥಾಸ್ಥಿತಿಯಲ್ಲಿ’ ಎಂದು ಹಾಕಿದ್ದ. ನಾನು ಅದನ್ನು ಹೊಡೆದುಹಾಕಿದೆ.

ಅದೇ 1882ರ ಕಾಯ್ದೆಯ 108ನೇ ಕಲಮು ಈ ವಿಷಯದಲ್ಲಿ ಎಷ್ಟು ಮನುಷ್ಯನ ಅಳತೆಯಲ್ಲಿದೆ ಎಂದರೆ ಓದಿದಾಗಲೆಲ್ಲ ನನಗೆ ಗೌರವ ಬರುತ್ತದೆ. ಬಾಡಿಗೆಯವನು ಮನೆಯನ್ನು ಪಡೆದಾಗಿನಂತೆ ಸುಸ್ಥಿತಿಯಲ್ಲಿ ಇಡಬೇಕು, ನಿಜ. ಆದರೆ ನ್ಯಾಯವಾದ ಬಳಕೆಯ ಸವಕಳಿಯೂ ಎದುರಿಸಲಾಗದ ಶಕ್ತಿಯಿಂದ ಆದ ಬದಲಾವಣೆಯೂ ಅವನ ಲೆಕ್ಕಕ್ಕೆ ಸೇರುವುದಿಲ್ಲ. ಉಚ್ಚಿಲದಲ್ಲಿ ಆ ಎದುರಿಸಲಾಗದ ಶಕ್ತಿ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ, ಜೂನ್ ತಿಂಗಳಲ್ಲಿ ಬಾಗಿಲು ತೆರೆದರೆ ಕಾಣುತ್ತದೆ. ಮಗು ಗೋಡೆಯ ಮೇಲೆ ಗೆರೆ ಎಳೆಯುತ್ತದೆ, ಕ್ಯಾಲೆಂಡರಿಗೆ ಒಂದು ಮೊಳೆ ಬೀಳುತ್ತದೆ, ಒಗ್ಗರಣೆಯ ಹೊಗೆ ಅಡುಗೆಮನೆಯ ಮೂಲೆಗೆ ಬಣ್ಣ ಕೊಡುತ್ತದೆ. ಇವು ಹಾನಿಯಲ್ಲ, ಬದುಕು. ಬೆಂಗಳೂರಿನಲ್ಲಿ ಮನೆ ಬಿಡುವಾಗ ನಾಲ್ಕು ಮೊಳೆಯ ತೂತಿಗೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡಿದ್ದರು. ಆಗ ನನಗೆ ‘ಸವಕಳಿ’ ಎಂಬ ಒಂದು ಪದ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಾಯಿ ಬಿಟ್ಟು ಕೇಳುತ್ತಿದ್ದೆ. ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ: ವಿವೇಕವಿರುವ ಸಾಮಾನ್ಯ ಮನುಷ್ಯ ತನ್ನದೇ ಸ್ವತ್ತನ್ನು ಹೇಗೆ ಬಳಸಿಕೊಳ್ಳುತ್ತಾನೋ ಹಾಗೆ ಬಾಡಿಗೆಯವನು ಬಳಸಿಕೊಳ್ಳಬಹುದು. ತನ್ನದೇ ಎಂಬಂತೆ! ಅಮ್ಮನಿಗೆ ಇದನ್ನು ತುಳುವಿನಲ್ಲಿ ಬಿಡಿಸಿ ಹೇಳಿದಾಗ ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಅಜ್ಜನ ಕಾಲದಲ್ಲೂ ಈ ಕಾಯ್ದೆ ಇತ್ತೇ ಎಂದು ಕೇಳಿದರು. ಇತ್ತು, ಆದರೆ ಇದು ಮನೆ ಬಾಡಿಗೆಗೆ; ಗೇಯುವ ಭೂಮಿಗೆ ಅಲ್ಲ ಎಂದೆ.

ಮಗಳು ಮಣಿಪಾಲದಲ್ಲಿ ಒಂದು ಫ್ಲ್ಯಾಟು ನೋಡಿ ಅದರ ಕೈಪಿಡಿಯನ್ನು ನನಗೆ ಕಳಿಸಿದ್ದೂ ಅದೇ ವಾರ. 1,120 ಚದರಡಿ, ಟೂ ಬಿಎಚ್‌ಕೆ. ನಾನು ಅಳತೆ ಟೇಪು ಹಿಡಿದುಕೊಂಡೇ ಹೋದೆ. ಗೋಡೆಯಿಂದ ಗೋಡೆಗೆ ಕೋಣೆಕೋಣೆಯನ್ನು ಅಳೆದರೆ 790 ಚಿಲ್ಲರೆ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ಅವರು ಹೇಳಿದ್ದು ಸೂಪರ್ ಬಿಲ್ಟಪ್, ನಾನು ಅಳೆದದ್ದು ಕಾರ್ಪೆಟ್. ಕಾರ್ಪೆಟ್ ಎಂದರೆ ಜಮಖಾನ ಹಾಸಬಹುದಾದ ನೆಲ. 2016ರ ರೇರಾ ಕಾಯ್ದೆ ಅದಕ್ಕೆ ಗಟ್ಟಿ ಅರ್ಥ ಕೊಟ್ಟಿದೆ. ಫ್ಲ್ಯಾಟಿನ ಒಳಗಿನ ಅಡ್ಡಗೋಡೆ ಸೇರುತ್ತದೆ. ಹೊರಗೋಡೆ, ಪೈಪು ಹೋಗುವ ಗುಂಡಿ, ಬಾಲ್ಕನಿ, ತೆರೆದ ಟೆರೇಸು ಸೇರುವುದಿಲ್ಲ. ಹೊರಗೋಡೆ, ಬಾಲ್ಕನಿಗಳನ್ನು ಸೇರಿಸಿದರೆ ಬಿಲ್ಟಪ್. ಅದಕ್ಕೆ ಮೆಟ್ಟಿಲು, ಲಿಫ್ಟು, ಕಾರಿಡಾರುಗಳಲ್ಲಿ ನಿಮ್ಮ ಪಾಲಿಗೆ ಬರುವುದನ್ನು ಹೊರಿಸಿದರೆ ಸೂಪರ್ ಬಿಲ್ಟಪ್. ಹೊರಿಸುವುದಕ್ಕೆ ‘ಲೋಡಿಂಗ್’ ಎಂದೇ ಹೆಸರು. ಈಗ ಬಿಲ್ಡರು ಕಾರ್ಪೆಟ್ ಅಳತೆಯನ್ನು ಹೇಳಲೇಬೇಕು. ಮಗಳಿಗೆ ಹೇಳಿದೆ: ಒಟ್ಟು ಬೆಲೆಯನ್ನು 1,120ರಿಂದ ಭಾಗಿಸಬೇಡ, 790ರಿಂದ ಭಾಗಿಸು, ಆಗ ನೀನು ಕಾಲಿಡುವ ಒಂದು ಅಡಿಯ ಬೆಲೆ ತಿಳಿಯುತ್ತದೆ.

ಚದರಡಿ ಎಂಬುದು ನಮ್ಮ ಊರಿಗೆ ಮೊನ್ನೆ ಮೊನ್ನೆ ಬಂದದ್ದು. 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದ ಜಿಲ್ಲೆಯಾದ್ದರಿಂದ ನಮ್ಮ ಬಾಯಲ್ಲಿ ಭೂಮಿಗೆ ಸೆಂಟ್ಸೇ ಲೆಕ್ಕ. ನೂರು ಸೆಂಟ್ಸಿಗೆ ಒಂದು ಎಕರೆ, ಒಂದು ಸೆಂಟ್ಸಿಗೆ 435.6 ಚದರಡಿ. ಬೆಂಗಳೂರಿನ ಮೂವತ್ತು ನಲವತ್ತರ ಸೈಟು ಎಂದರೆ ಎರಡೂ ಮುಕ್ಕಾಲು ಸೆಂಟ್ಸು. ಅದನ್ನು ಮೊದಲ ಸಲ ಕೇಳಿದಾಗ ಅಮ್ಮ “ಅದರಲ್ಲಿ ಬಾವಿ ಎಲ್ಲಿ?” ಎಂದಿದ್ದರು. ವಠಾರ ಎಂಬ ಮಾತೂ ಹಾಗೆಯೇ. ಬೆಂಗಳೂರು, ಮೈಸೂರಿನಲ್ಲಿ ವಠಾರವೆಂದರೆ ಒಂದೇ ಅಂಗಳ, ಒಂದೇ ನಲ್ಲಿ, ಹತ್ತು ಬಾಡಿಗೆ ಸಂಸಾರ. ನಮ್ಮಲ್ಲಿ ವಠಾರವೆಂದರೆ ಆವರಣ. ಮಹಾಲಕ್ಷ್ಮಿ ದೇವಸ್ಥಾನದ ವಠಾರದಲ್ಲಿ ದಸರಾ ಎಂದು ಪೇಪರಿನಲ್ಲಿ ಬರುತ್ತದೆ.

ಆ ಕೈಪಿಡಿಯಲ್ಲಿ ಮಗಳಿಗೆ ಅರ್ಥವಾಗದೆ ಉಳಿದದ್ದು ‘ಯುಡಿಎಸ್’. ಅಪಾರ್ಟ್‌ಮೆಂಟು ನಿಂತಿರುವ ನೆಲದಲ್ಲಿ ಪ್ರತಿ ಫ್ಲ್ಯಾಟಿನವರಿಗೂ ಇರುವ, ಬೇರ್ಪಡಿಸಲಾಗದ ಪಾಲು ಅದು. ಎರ್ಮಾಳಿನ ಕಡಲ ಬದಿಯಲ್ಲಿ ಕೈರಂಪಣಿ ಎಳೆಯುವುದನ್ನು ಅವಳು ಸಣ್ಣವಳಿದ್ದಾಗ ನೋಡಿದ್ದಳು. ಅದನ್ನೇ ನೆನಪಿಸಿದೆ. ಬಲೆ ಹಲವರದ್ದು. ಮೀನು ಬಿದ್ದರೆ ಪಾಲು ಉಂಟು. ನನ್ನ ಪಾಲಿನ ಬಲೆ ಎಂದು ಒಂದು ಮಾರು ಕತ್ತರಿಸಿ ಮನೆಗೆ ಒಯ್ಯುವಂತಿಲ್ಲ. ಕತ್ತರಿಸಿದರೆ ಯಾರಿಗೂ ಬಲೆಯಿಲ್ಲ. ಫ್ಲ್ಯಾಟಿನ ಗೋಡೆಗೆ ವರ್ಷ ಹೋದಂತೆ ಬೆಲೆ ಇಳಿಯುತ್ತದೆ, ಬೆಲೆ ಏರುವುದು ಈ ಪಾಲಿನ ನೆಲಕ್ಕೆ. ಹಾಗಾಗಿ ಕ್ರಯಪತ್ರದಲ್ಲಿ ಅದು ಎಷ್ಟು ಎಂದು ಅಂಕಿಯಲ್ಲಿ ಬರೆದಿದೆಯೇ ನೋಡಬೇಕು.

ಮಣಿಪಾಲಕ್ಕೆ ಹೋದವರು ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮವನ್ನೂ ಹೊಕ್ಕು ಬಂದೆವು. ಉರುಳಿಹೋಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ, ತಂದು, ಮತ್ತೆ ನಿಲ್ಲಿಸಿದ ಜಾಗ. ನಮ್ಮ ಹತ್ತಿರದ ಕುಂಜೂರಿನ ಚೌಕಿಮನೆ ಅಲ್ಲಿದೆ. ಅದರ ಜಗಲಿಯಲ್ಲಿ ನಿಂತು ಮಗಳು ಕೇಳಿದಳು, “ಅಪ್ಪ, ಇದು ಕಾರ್ಪೆಟ್ಟಿಗೆ ಬರುತ್ತದಾ?” ಬರುವುದಿಲ್ಲ. ಜಗಲಿ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ದಾರಿಹೋಕನು ಮಳೆಗೆ ನಿಲ್ಲುವುದು ಅಲ್ಲಿ, ಬೆಲ್ಲ ನೀರು ಕುಡಿಯುವುದು ಅಲ್ಲಿ, ಒಕ್ಕಲಿನವನು ಮುಡಿ ಇಳಿಸಿ ಕಾಯುವುದೂ ಅಲ್ಲಿಯೇ. ಅದರಿಂದ ಒಳಗೆ ಅವನಿಗೆ ಪ್ರವೇಶವಿರಲಿಲ್ಲ ಎಂಬುದನ್ನೂ ಅವಳಿಗೆ ಹೇಳಿದೆ. ಹಳೆಯ ಮನೆಯ ಚೆಲುವನ್ನು ಹೇಳುವಾಗ ಇದನ್ನು ಬಿಟ್ಟು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಮುಂಬಯಿಯ ಮಾತು ಬೇರೆ. ಸೋದರಮಾವ ಫೋರ್ಟಿನ ಹೋಟೆಲಿನಲ್ಲಿದ್ದು ಚಾಳಿನ ಒಂದು ಖೋಲಿಯಲ್ಲಿ ಮೂವತ್ತು ವರ್ಷ ಕಳೆದವರು. ಅದು ಪಗಡಿ ಖೋಲಿ: ಮೊದಲು ಒಂದು ಗಂಟು ಕೊಟ್ಟು ಹೊಕ್ಕರೆ ಆಮೇಲೆ ಹೆಸರಿಗಷ್ಟು ಬಾಡಿಗೆ, ಬಿಟ್ಟುಹೋಗುವಾಗ ಮುಂದಿನವನು ಕೊಡುವ ಗಂಟಿನಲ್ಲಿ ಯಜಮಾನನಿಗೂ ಪಾಲು. ಈಗ ಅಲ್ಲಿಗೆ ಹೋಗುವ ನಮ್ಮ ಹುಡುಗರು ಸಹಿ ಹಾಕುವುದು ‘ಲೀವ್ ಅಂಡ್ ಲೈಸೆನ್ಸ್’ ಪತ್ರಕ್ಕೆ. ಲೀಸಿನಲ್ಲಿ ಬಾಡಿಗೆಯವನಿಗೆ ಆ ಜಾಗದ ಮೇಲೆ ಅವಧಿಯವರೆಗೆ ಒಂದು ಹಕ್ಕು ಹುಟ್ಟುತ್ತದೆ. ಲೈಸೆನ್ಸಿನಲ್ಲಿ ಹುಟ್ಟುವುದು ಅಪ್ಪಣೆ ಮಾತ್ರ. ಮೂಲಗೇಣಿಗೂ ಚಾಲಗೇಣಿಗೂ ಇದ್ದ ದೂರವನ್ನು ನೋಡಿದವರಿಗೆ ಈ ಎರಡರ ದೂರ ಕಣ್ಣಿಗೆ ಕಟ್ಟುತ್ತದೆ.

ಉಳಿದದ್ದು ನಮ್ಮ ಊರಿನ ಅಂಕಿಗಳು. ಪಂಚಾಯತಿನ ಒಂಬತ್ತು ಮತ್ತು ಹನ್ನೊಂದನೇ ನಮೂನೆಗೆ ಇಲ್ಲಿ ‘ನೈನ್ ಇಲೆವೆನ್’ ಎನ್ನುತ್ತಾರೆ. ಒಂದು ಸ್ವತ್ತಿನ ಗುರುತಿನದ್ದು, ಇನ್ನೊಂದು ಅದರ ತೆರಿಗೆಯದ್ದು. ಮೆಸ್ಕಾಂ ಬಿಲ್ಲಿನ ಮೇಲಿನ ಆರ್‌ಆರ್ ನಂಬರು ಬಾಡಿಗೆಯವರಿಗೂ ಬೇಕು. 2023ರ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಲ್ಲುತ್ತದೆ. ಮಾಳಿಗೆಗೆ ಬೇರೆ ಮೀಟರು ಇರುವುದರಿಂದ ಅದರ ನಂಬರನ್ನು ಕರಾರಿನಲ್ಲೇ ಕಾಣಿಸಿದ್ದೇನೆ.

ಕೊನೆಗೆ ಶೆಡ್ಯೂಲು. ಫ್ಯಾನು ಮೂರು, ಟ್ಯೂಬ್‌ಲೈಟು ನಾಲ್ಕು, ಗೀಸರು ಒಂದು, ಬೀಗದ ಕೈ ಎರಡು ಜೊತೆ. ಓದಿ ಮುಗಿಸಿ ಕಾಗದ ಮಡಚುವಾಗ ಅಮ್ಮ ತಡೆದರು. “ಮತ್ತೆ ನೀರು?”

“ಟ್ಯಾಂಕಿಯಿಂದ ಬರುತ್ತದಲ್ಲ ಅಮ್ಮ.”

“ಟ್ಯಾಂಕಿಯದ್ದಲ್ಲ, ಬಾವಿಯದ್ದು. ನಿನ್ನ ಅಪ್ಪ ಬರೆಯುವಾಗ ನೀರು, ಮರ, ಕಲ್ಲು ಎಲ್ಲ ಬರೆಯುತ್ತಿದ್ದರು.”

ಹೌದು, ಬರೆಯುತ್ತಿದ್ದರು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ. ಕ್ರಯಪತ್ರದ ಕೊನೆಗೆ ಬರುವ ಅಷ್ಟಭೋಗಗಳು, ಶಾಸನಗಳ ಕಾಲದಿಂದ ಇಳಿದುಬಂದ ಮಾತುಗಳು. ನೆಲದ ಒಳಗೆ ಇರುವುದು, ನೆಲದ ಮೇಲೆ ಇರುವುದು, ಇಂದು ಇರುವುದು, ನಾಳೆ ಆಗಲಿರುವುದು. ರಾತ್ರಿ ಲಾಂದ್ರದ ಬೆಳಕಿನಲ್ಲಿ ಅಪ್ಪ ಅದನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬರೆಯುವುದನ್ನು ಕೇಳಿಯೇ ನನಗೆ ಬಾಯಿಪಾಠವಾದದ್ದು. ಅವು ಕೊಂಡವನಿಗೆ ಸಲ್ಲುವ ಭೋಗಗಳು, ಬಾಡಿಗೆಯವನಿಗಲ್ಲ ಎಂದು ಅಮ್ಮನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಪೆನ್ನು ತಂದು ಬೀಗದ ಕೈಯ ಕೆಳಗೆ ಅವರು ಹೇಳಿದಂತೆ ಬರೆದೆ: ಬಾವಿಯ ನೀರು, ಹಿತ್ತಲಿನ ಬೇವಿನಸೊಪ್ಪು ಮತ್ತು ಬಿದ್ದ ಮಾವಿನಹಣ್ಣು, ಬಟ್ಟೆ ಒಣಗಿಸಲು ಅಂಗಳ, ಕೂರಲು ಜಗಲಿ.

ಬಿಸುವಿನ ಬೆಳಿಗ್ಗೆ ಅವರು ಬಂದರು. ಕೈಬರಹದ ಸಾಲುಗಳ ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದೆವು. ಆ ಹುಡುಗಿ ಮೇಲೆ ಹಾಲಿಗೆ ಒಲೆ ಹಚ್ಚಲು ಹೊರಟವಳು ಮೆಟ್ಟಿಲಲ್ಲಿ ತಿರುಗಿ, ಬೇವಿನಸೊಪ್ಪಿನ ಗಿಡ ಯಾವುದಮ್ಮ ಎಂದು ಕೇಳಿದಳು. ಅಮ್ಮ ಕೋಲು ಊರಿಕೊಂಡು, ತೋರಿಸಲು ತಾವೇ ಹಿತ್ತಲಿಗೆ ಇಳಿದರು.